ಗೆದ್ದಲಿಗೆ ಇಟ್ಟ ಊಟ

ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷ ದಾಟಿತು. ಇಷ್ಟು ವರ್ಷಗಳಲ್ಲಿ ನನ್ನ ಇಂಗ್ಲಿಷು ಇಲ್ಲಿ ಮುಖ್ಯವಾಗಿ ಒಂದೇ ಕೆಲಸಕ್ಕೆ ಬಂದಿದೆ. ಡಬ್ಬಿ, ಬಾಟಲಿ, ಗುಳಿಗೆಯ ಪಾಕೀಟು, ಇವುಗಳ ಮೇಲೆ ಏನು ಬರೆದಿದೆ ಎಂದು ಓದಿ ಹೇಳುವುದು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪ, ಮಗಳು ದೊಡ್ಡ ಮೇಡಂ ಆಗಲಿ ಎಂದು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ಸಿಸ್ಟರುಗಳು ನನ್ನ ಪ್ರೊನನ್ಸಿಯೇಷನ್ ತಿದ್ದಿದರು, ಹ್ಯಾಂಡ್‌ರೈಟಿಂಗ್ ತಿದ್ದಿದರು, ಕುಳಿತುಕೊಳ್ಳುವ ರೀತಿಯನ್ನೂ ತಿದ್ದಿದರು. ಎಲೊಕ್ಯೂಷನ್ನಿನಲ್ಲಿ ಒಂದು ಸಲ ಕಪ್ ಬಂದಿತ್ತು. ಆಮೇಲೆ ಅಥಣಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆಯ ಮೇಲಿನ ಈ ತೋಟದ ಮನೆಗೆ ಮದುವೆಯಾಗಿ ಬಂದೆ. ಬಂದ ವಾರದಲ್ಲೇ ಮಾವನವರು ಬೆಳೆಗೆ ಹೊಡೆಯುವ ಔಷಧದ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟು, "ಇದರ ಮ್ಯಾಲೆ ಏನಂತ ಬರದೈತಿ ನೋಡವಾ" ಎಂದರು. ಅಂದು ಶುರುವಾದದ್ದು.

ಮಾವನವರು ಹೋದರು. ನನ್ನವರೂ ಹೋದರು, ಭಾವನವರೂ ಹೋದರು. ಹಳಬರಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರು ನನ್ನನ್ನು ಮೊದಲ ದಿನದಿಂದ ಕಾನ್ವೆಂಟ್‌ಬಾಯಿ ಎನ್ನುತ್ತಾರೆ. ನನಗಿಂತ ಎಂಟು ವರ್ಷ ದೊಡ್ಡವರು, ಎಂಬತ್ತು ದಾಟಿದ್ದಾರೆ. ಮನೆ ನಡೆಸುವವರು ಈಗ ಅಕ್ಕನ ಮಗ ಮತ್ತು ಸೊಸೆ. ಮಗ ಕಬ್ಬು, ದ್ರಾಕ್ಷಿ ಎಂದು ದಿನವೆಲ್ಲ ಹೊಲದಲ್ಲಿರುತ್ತಾನೆ. ಸೊಸೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೂ ಇಂಗ್ಲಿಷು ಚೆನ್ನಾಗಿಯೇ ಬರುತ್ತದೆ. ಆದರೂ ಅಕ್ಕ ಓದಿಸುವುದು ನನ್ನ ಕೈಲೇ. ಮಿರಜಿನ ಡಾಕ್ಟರು ಬರೆದುಕೊಟ್ಟ ಗುಳಿಗೆ ಬಂದರೆ ಮೊದಲು ನನ್ನ ಮಡಿಲಿಗೆ ಬೀಳಬೇಕು, ನಾನು ಕನ್ನಡಕ ಹುಡುಕಬೇಕು, ಓದಬೇಕು, ಆಮೇಲೆ ಅವರು ನುಂಗಬೇಕು.

ನಮ್ಮದು ಜೈನರ ಮನೆ. ನಾನು ಹೆಸರಿಗೆ ಜೈನಳು, ಅಕ್ಕ ಬದುಕಿನಲ್ಲಿ. ಹೊತ್ತು ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವುದಿಲ್ಲ. ಮನೆಯ ಗೋಡೆಗೆ ಹತ್ತಿಯೇ ಇರುವ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯ ನೀರಿಗೇ ಜಾಲಿಸುತ್ತಾರೆ, ಬಟ್ಟೆಗೆ ಅಂಟಿದ ಜೀವ ತನ್ನ ನೀರಿಗೆ ಮರಳಲಿ ಎಂದು. ಗೋಧಿ ಹಸನು ಮಾಡುವಾಗ ಸಿಕ್ಕ ಹುಳುವನ್ನು ಸಣ್ಣ ಬಟ್ಟಲಿಗೆ ಹಾಕಿ, ಜೊತೆಗೆ ನಾಲ್ಕು ಕಾಳು ಹಾಕಿ, ಬೇವಿನ ಮರದ ಬುಡಕ್ಕೆ ಬಿಟ್ಟು ಬರುತ್ತಾರೆ. ದಾರಿಯ ಬುತ್ತಿಯೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಬೆಳಿಗ್ಗೆ ಜಳಕ ಮುಗಿಸಿ, ಜಪ ಮುಗಿಸಿ, ಇರುವೆಗಳಿಗೆ ಹಿಟ್ಟು ಸಕ್ಕರೆ ಹಾಕದೆ ಅವರು ಚಹಾ ಕುಡಿದದ್ದನ್ನು ನಾನು ಈ ಐವತ್ತು ವರ್ಷಗಳಲ್ಲಿ ನೋಡಿಲ್ಲ.

ಇಂಥ ಮನೆಗೆ ಗೆದ್ದಲು ಬಂತು. ನಮ್ಮ ಕಡೆ ಒರಲಿ ಎನ್ನುತ್ತಾರೆ. ಹೋದ ವರ್ಷ ದೀಪಾವಳಿಯ ಮುಂಚೆ ಸೊಸೆ ದೇವರ ಕೋಣೆ ಸ್ವಚ್ಛ ಮಾಡುವಾಗ ಮಂಟಪವನ್ನು ಸ್ವಲ್ಪ ಮುಂದಕ್ಕೆ ಜರುಗಿಸಿದಳು. ಹಿಂದೆ ಗೋಡೆಯ ಮೇಲೆ, ನೆಲದಿಂದ ಹಲಗೆಯವರೆಗೆ, ಬೆರಳು ದಪ್ಪದ ಮಣ್ಣಿನ ಗೆರೆ. ಯಾರೋ ನಿಧಾನವಾಗಿ ಕೂತು ಬಳಿದ ಹಾಗೆ ಇತ್ತು. ಸೊಸೆ ಕಡ್ಡಿಯಿಂದ ಚೂರು ಕೆದಕಿದಳು. ಒಳಗೆ ಬಿಳೀ ಹುಳುಗಳು ಬೆಳಕಿಗೆ ಗಾಬರಿಯಾಗಿ ಹರಿದಾಡಿದವು.

ಮಂಟಪ ಅಕ್ಕನ ತವರಿನದು. ಅವರ ಊರಾದ ಅಕ್ಕೋಳದ ಬಡಿಗನೊಬ್ಬ ಸಾಗವಾನಿಯಲ್ಲಿ ಕೆತ್ತಿದ್ದು, ನಾಲ್ಕು ಕಂಬಗಳಿಗೆ ನಾಲ್ಕು ಬಗೆಯ ಬಳ್ಳಿ. ಮದುವೆಯಾದ ವರ್ಷ ತಂಬಾಕಿನ ಲಾರಿಯಲ್ಲಿ ಬಂದಿತಂತೆ. ಒಂದು ತಿಂಗಳು ದೇವರ ಕೋಣೆ ತಂಬಾಕು ನಾರುತ್ತಿತ್ತಂತೆ. ಅಕ್ಕನ ತವರಿನಲ್ಲಿ ಈಗ ಯಾರೂ ಇಲ್ಲ. ಅವರಿಗೆ ಅಕ್ಕೋಳ ಎಂದರೆ ಈ ಮಂಟಪ. ಅಂದು ಅವರು ಗೋಡೆ ಹಿಡಿದು ಬಂದು ನೋಡಿದರು. ಹಿಂದಿನ ಹಲಗೆಯನ್ನು ಗೆಣ್ಣಿನಿಂದ ಬಡಿದರು. ಟೊಳ್ಳು ಸದ್ದು ಬಂತು.

"ಕೊಲ್ಲೂದು ಬ್ಯಾಡ," ಎಂದರು. "ಹೊರಗ ಹಾಕೂದಿದ್ರ ಹಾಕ್ರಿ."

"ಲಕ್ಷಗಟ್ಟಲೆ ಇರ್ತಾವ್ರಿ ಆತ್ಯಾ," ಎಂದಳು ಸೊಸೆ. "ಒಂದೊಂದ ಹಿಡದು ಹೊರಗ ಹಾಕಾಕ ಬರ್ತೈತೇನು?"

"ಲಕ್ಷ ಅದಾವಂತ ಕೊಲ್ಲಾಕ ಬರ್ತೈತೇನು ಹಂಗಾರ?"

ಗಣಿತದ ಟೀಚರು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅಕ್ಕನಿಗೆ ಮಂಟಪವೂ ಬೇಕಿತ್ತು, ವ್ರತವೂ ಬೇಕಿತ್ತು. ಎರಡನ್ನೂ ಉಳಿಸುವ ಕೆಲಸ ನಮ್ಮ ಮೇಲೆ ಬಿತ್ತು.

ಮಿರಜ ಕಡೆಯಿಂದ ಒಬ್ಬ ಪೆಸ್ಟ್ ಕಂಟ್ರೋಲಿನವನನ್ನು ಕರೆಸಿದೆವು. ಐವತ್ತರ ಮನುಷ್ಯ, ಒಂದು ಮೊಣಕಾಲು ಸರಿಯಿಲ್ಲ, ಕೂತರೆ ಏಳುವಾಗ ಸಣ್ಣಗೆ ನರಳುತ್ತಿದ್ದ. ನನಗೆ ಅವನ ಮೇಲೆ ಆಗಲೇ ಸಲಿಗೆ ಹುಟ್ಟಿತು. ಮನೆ ಸುತ್ತ ಒಂದು ಸುತ್ತು ಹಾಕಿ, ಬಾವಿಯನ್ನು ಬಗ್ಗಿ ನೋಡಿ, ಅಂಗಳದಲ್ಲಿ ನಿಂತು ಸೊಸೆಗೂ ನನಗೂ ಹೇಳಿದ.

"ಆಯಿ, ಎರಡ ದಾರಿ ಅದಾವ್ರಿ. ಒಂದು, ಗ್ವಾಡಿ ಬುಡಕ ತೂತ ಹಾಕಿ ಔಷಧ ಸುರಿಯೂದು. ನಿಮ್ಮ ಬಾವಿ ಇಲ್ಲೇ ಐತಿ, ಅದು ಆಗೂದಿಲ್ಲ. ಇನ್ನೊಂದು ಬೇಟ್ ಸ್ಟೇಷನ್. ಜರಾ ಸಾವಕಾಶ ಆಗ್ತೈತಿ, ಆದ್ರ ಪಕ್ಕಾ ಕೆಲಸ."

ಆ ಸಾವಕಾಶದ ಕೆಲಸವನ್ನು ವಿವರಿಸಿದ. ಮನೆಯ ಸುತ್ತ ಹತ್ತು ಹತ್ತು ಅಡಿಗೆ ಒಂದರಂತೆ ತೂತಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಮಣ್ಣಿನಲ್ಲಿ ಹೂಳುವುದು, ಮುಚ್ಚಳ ಮಾತ್ರ ನೆಲದ ಮಟ್ಟಕ್ಕೆ ಕಾಣುವ ಹಾಗೆ. ಮೊದಲು ಒಳಗೆ ಬರೀ ಕಟ್ಟಿಗೆಯ ತುಂಡು. ನೆಲದೊಳಗೆ ಓಡಾಡುವ ಹುಳು ಅದನ್ನು ಪತ್ತೆ ಮಾಡಿ ತಿನ್ನಲು ಶುರು ಮಾಡಿದ ಮೇಲೆ, ತುಂಡು ತೆಗೆದು ಅದರ ಜಾಗದಲ್ಲಿ ಬೇಟ್, ಅಂದರೆ ಔಷಧ ಬೆರೆಸಿದ ತಿನಿಸು, ಇಡುವುದು. ತಿಂದ ಹುಳು ಅಲ್ಲೇ ಸಾಯುವುದಿಲ್ಲ. ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ. ಹುಳು ಬೆಳೆಯುವಾಗ ಹಳೆಯ ತೊಗಲು ಕಳಚಬೇಕು. ಇದನ್ನು ತಿಂದದ್ದಕ್ಕೆ ತೊಗಲು ಕಳಚಲು ಆಗುವುದಿಲ್ಲ. ಅದರೊಳಗೇ ಮುಗಿಯುತ್ತದೆ. ದುಡಿಯುವ ಹುಳುಗಳು ಹೀಗೆ ಕಡಿಮೆಯಾಗುತ್ತಾ ಬಂದು ಕಡೆಗೆ ರಾಣಿಗೆ ಉಣಿಸುವವರು ಇಲ್ಲದಂತಾಗುತ್ತದೆ.

"ಒಂದ ಮಾತು ನೆನಪಿಡ್ರಿ," ಎಂದ. "ಡಬ್ಬಿ ಬಿಚ್ಚಿ ನೋಡೂದು ಬ್ಯಾಡ. ಹತ್ರ ಫಿನೈಲ್ ಬ್ಯಾಡ, ಚಿಮಣಿ ಎಣ್ಣಿ ಬ್ಯಾಡ. ಗ್ವಾಡಿ ಮ್ಯಾಗಿನ ಮಣ್ಣ ಕೆಡವಬ್ಯಾಡ್ರಿ. ವಾಳವಿಗೆ, ಅಂದ್ರ ನಿಮ್ಮ ಒರಲಿಗೆ, ಸಂಶಯ ಬಂದ್ರ ದಾರಿ ಬದಲಿ ಮಾಡತೈತಿ."

ಮಾಡಬಾರದ್ದನ್ನೆಲ್ಲ ಹೇಳಿದ. ಪಾಪ, ನಮ್ಮ ಮನೆಯಲ್ಲಿ ಏನಾಗಬಹುದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು.

ಹದಿನಾಲ್ಕು ಡಬ್ಬಿ ಹೂಳಿದ. ಅಕ್ಕ ಕೇಳಿದಾಗ, ಒಳಗೆ ಕಟ್ಟಿಗೆ ಇದೆ, ಹುಳು ಎಲ್ಲಿಂದ ಬರುತ್ತದೆ ನೋಡಲಿಕ್ಕೆ ಎಂದೆವು. ಅದು ನಿಜವೇ ಆಗಿತ್ತು. ಎರಡು ತಿಂಗಳಲ್ಲಿ ಬಾವಿಯ ಮಗ್ಗುಲಿನ ನಾಲ್ಕೈದು ಡಬ್ಬಿಗಳಲ್ಲಿ ಕಟ್ಟಿಗೆ ಜಾಳುಜಾಳಾಯಿತು. ಅವನು ಬೇಟಿನ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಬಂದ. ಪೆಟ್ಟಿಗೆಯ ಮೇಲೆ ತುಂಬ ಇಂಗ್ಲಿಷು. ಕೋಲೂರಿಕೊಂಡು ಅಕ್ಕ ಅಂಗಳಕ್ಕೆ ಬಂದರು. ಪೆಟ್ಟಿಗೆಯೊಳಗಿಂದ ಮಡಿಚಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಓದು, ಕಾನ್ವೆಂಟ್‌ಬಾಯಿ."

ಸೊಸೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ. ನಾನು ಕನ್ನಡಕ ಹಾಕಿಕೊಂಡೆ. ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ, ನೆಲದೊಳಗಿನ ಗೆದ್ದಲಿನ ಕಾಲೊನಿಯನ್ನು ಸಂಪೂರ್ಣ ಎಲಿಮಿನೇಟ್ ಮಾಡಲು ಎಂದಿತ್ತು. ಎಲಿಮಿನೇಟ್ ಎಂಬುದರ ಸ್ಪೆಲ್ಲಿಂಗಿಗೆ ನನಗೆ ಒಮ್ಮೆ ಫುಲ್ ಮಾರ್ಕ್ಸ್ ಬಂದಿತ್ತು. ನಾನು ಮೊದಲ ಸಾಲು ಬಿಟ್ಟೆ. ಎರಡನೆಯದನ್ನೂ ಬಿಟ್ಟೆ. ಮೂರನೆಯ ಸಾಲಿಗೆ ಇಳಿದೆ.

"ಕಟಗಿಕಿಂತ ಅವಕ್ಕ ಇದು ಭಾಳ ಸೇರತೈತಿ ಅಂತ ಬರದಾರ್ರಿ," ಎಂದೆ. "ಹೊರಗ ಇದು ಸಿಕ್ಕರ ಇದನ್ನ ತಿಂತಾವಂತ."

"ಅಂದ್ರ ಹೊರಗ ಊಟಾ ಹಾಕೂದು."

"ಹೌದ್ರಿ ಅಕ್ಕಾ."

"ಅದನ್ನ ಮೊದಲ ಹೇಳಬಾರದೇನು. ನಾ ಸುಮ್ಮನ ಇಷ್ಟ ದಿನಾ ಅಂಜಿದ್ನಿ."

ಪೆಸ್ಟ್ ಕಂಟ್ರೋಲಿನವನು ಡಬ್ಬಿಯ ಮುಂದೆ ಮೊಣಕಾಲೂರಿ ಕೂತಿದ್ದವನು ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದ. ಮತ್ತೆ ತಲೆ ಬಗ್ಗಿಸಿ ಕೆಲಸ ಮಾಡಿದ. ನಾನು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಪೆಟ್ಟಿಗೆಗೆ ಹಾಕಿದೆ. ನನ್ನ ಒಂದು ಮಾತೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಾರಲ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರು ಇಂಥದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಾಲ್ಕೈದು ದಿನ ಕಳೆದವು. ಬೆಳಿಗ್ಗೆ ಮೈಕೈ ಹಿಡಿದಿರುವುದರಿಂದ ನಾನು ಏಳುವುದು ತಡ. ಕಿಟಕಿಯಿಂದ ನೋಡಿದರೆ ಅಕ್ಕ ಹಿತ್ತಾಳೆಯ ಬಟ್ಟಲು ಹಿಡಿದು ಬೇವಿನ ಮರದ ಕಡೆ ಹೋಗದೆ ಗೋಡೆಗುಂಟ ನಡೆಯುತ್ತಿದ್ದರು. ಒಂದು ಮುಚ್ಚಳದ ಮುಂದೆ ನಿಂತು, ಕೋಲಿನ ಮೇಲೆ ಭಾರ ಹಾಕಿ ಬಗ್ಗಿ, ಒಂದು ಚಿಟಿಕೆ ಉದುರಿಸಿ, ಮುಂದಿನ ಮುಚ್ಚಳಕ್ಕೆ ಹೋಗುತ್ತಿದ್ದರು. ನಾನು ಹೊರಗೆ ಬಂದು ಏನದು ಎಂದೆ.

"ಹಿಟ್ಟು, ಸಕ್ಕರಿ. ಬರೇ ಕಾಗದದಂಥಾದ್ದ ತಿಂದು ಅವುಗಳ ಬಾಯಿ ಸಪ್ಪಗಾಗಿರ್ತೈತಿ. ಊಟಕ್ಕ ಕರದೀವಿ ಅಂದ ಮ್ಯಾಲೆ ಎಲಿ ತುದಿಗೆ ಏನರೆ ಸೀ ಇರಬೇಕಲಾ."

ನನಗೆ ನಗು ಬಂತು. ನಿಜ ಹೇಳಬೇಕೆಂದರೆ ಹಗುರವೂ ಆಯಿತು. ಅವರಿಗೆ ಅಷ್ಟು ಸಮಾಧಾನವಾಗಿದೆಯಲ್ಲ ಎಂದುಕೊಂಡೆ. ಸೊಸೆಯಂತೂ, ಹದಿನಾಲ್ಕು ಡಬ್ಬಿ ಸುತ್ತಿದರೆ ಆತ್ಯಾಗೆ ದಿನಾ ವಾಕಿಂಗ್ ಆಗುತ್ತದೆ ಎಂದಳು. ಮುಚ್ಚಳದ ಮೇಲೆ ಬಿದ್ದ ಒಂದು ಚಿಟಿಕೆ ಸಕ್ಕರೆಯಿಂದ ಏನಾದರೂ ಆದೀತು ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಅವಳು ಬಿ.ಎಸ್ಸಿ., ನಾನು ಕಾನ್ವೆಂಟು.

ಮುಂದಿನ ತಿಂಗಳು ಅವನು ಬಂದು ಮೊದಲ ಮುಚ್ಚಳ ತೆಗೆದ. ಒಳಗೆ ಕೆಂಪಿರುವೆ ಗಿಜಿಗಿಜಿ ಎನ್ನುತ್ತಿತ್ತು. ಎರಡನೆಯದರಲ್ಲೂ ಅದೇ. ಬಾವಿಯ ಕಡೆ ಹುಳು ಹತ್ತಿದ್ದ ಡಬ್ಬಿಗಳಲ್ಲಂತೂ ಬೇಟ್ ಹಾಗೇ ಉಳಿದಿತ್ತು, ಗೆದ್ದಲು ಒಂದೂ ಇರಲಿಲ್ಲ. ಇರುವೆ ಕಂಡರೆ ಗೆದ್ದಲು ನಿಲ್ಲುವುದಿಲ್ಲವಂತೆ. ಇರುವೆಗೆ ಅದು ಬೇಟೆ. ಅವನು ಮುಚ್ಚಳದ ಅಂಚಿಗೆ ಅಂಟಿದ್ದ ಬಿಳಿಯದನ್ನು ಬೆರಳಿಗೆ ತೆಗೆದುಕೊಂಡು ಮೂಸಿದ.

"ಇಲ್ಲಿ ಸಕ್ಕರಿ ಯಾರ ಚೆಲ್ಯಾರ್ರಿ ಆಯಿ?"

ಅಕ್ಕ ಬಸದಿಗೆ ಹೋಗಿದ್ದರು. ನಾನು ಇದ್ದದ್ದನ್ನು ಹೇಳಿದೆ. ಅವನು ಬಾವಿಕಟ್ಟೆಯ ಮೇಲೆ ಕೂತ.

"ಇಪ್ಪತ್ತು ವರ್ಸ ಆತ್ರಿ ಈ ಕೆಲಸದಾಗ. ಡಬ್ಬಿ ಕಿತ್ತಕೊಂಡು ಹೋದವರನ್ನ ನೋಡೇನಿ. ಡಬ್ಬಿ ಮ್ಯಾಲೆ ಟ್ರ್ಯಾಕ್ಟರ್ ಹಾಯಿಸಿದವರನ್ನ ನೋಡೇನಿ. ಸಕ್ಕರಿ ಬಡಿಸಿದವರನ್ನ ನೋಡಿರಲಿಲ್ಲ."

"ಈಗ ಏನ್ ಮಾಡೂದು?"

"ಮೊದಲ ಸಕ್ಕರಿ ಬಂದ್ ಮಾಡ್ರಿ. ಅಜ್ಜಿಗೆ ಖರೇ ಹೇಳ್ರಿ, ಇಲ್ಲಾಂದ್ರ ಇನ್ನೊಂದು ಸುಳ್ಳ ಹೇಳ್ರಿ. ಅದು ನಿಮ್ಮ ಮನಿ ವಿಚಾರ. ನನಗ ಇರುವಿ ಇರಬಾರದು ಅಷ್ಟ."

ನಾನು ಇನ್ನೊಂದು ಸುಳ್ಳು ಹೇಳಿದೆ. ಅದು ಮೊದಲಿನದಕ್ಕಿಂತ ಸುಲಭವಾಗಿತ್ತು, ಅದೇ ನನಗೆ ಬೇಸರ ತಂದದ್ದು.

"ಸಕ್ಕರಿ ಅವಕ್ಕ ಒಗ್ಗೂದಿಲ್ಲಂತ್ರಿ ಅಕ್ಕಾ."

"ಯಾರ ಅಂದ್ರು?"

"ಆ ಕಾಗದದಾಗ ಬರದೈತ್ರಿ."

ಕಾಗದದಲ್ಲಿ ಬರೆದಿದೆ ಎಂದ ಮೇಲೆ ಅಕ್ಕ ಎಂದೂ ಎದುರು ಮಾತಾಡಿದವರಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಬಟ್ಟಲಿನಲ್ಲಿ ಬರೀ ಜೋಳದ ಹಿಟ್ಟು. "ಜ್ವಾಳದ ಹಿಟ್ಟು ಒಗ್ಗದವರು ಈ ಸೀಮ್ಯಾಗ ಯಾರೂ ಇಲ್ಲ" ಎಂದು ಹೇಳಿ ಗೋಡೆಗುಂಟ ನಡೆದರು. ನಾನು ಮಂಚದ ಮೇಲೆ ಕೂತೆ. ಅಂದು ಎದ್ದು ಹಲ್ಲುಜ್ಜಲೂ ಮನಸ್ಸಾಗಲಿಲ್ಲ. ದೇವರ ಕೋಣೆಯಲ್ಲಿ ಮಣ್ಣಿನ ಗೆರೆ ಮಂಟಪದ ಮಗ್ಗುಲಿಗೂ ತಿರುಗಿತ್ತು. ಹಿಂದಿನ ಹಲಗೆಯ ಕೆಳಭಾಗ ಬೆರಳಿಟ್ಟರೆ ಕಾಗದದಂತೆ ಒಳಗೆ ಹೋಗುತ್ತಿತ್ತು.

ಇಷ್ಟರಲ್ಲೇ ಇದ್ದಿದ್ದರೆ ಮೂರನೆಯ ಸುಳ್ಳೂ ಹುಟ್ಟುತ್ತಿತ್ತೇನೋ. ಆದರೆ ಒಂದು ದಿನ ಅಕ್ಕ ಬಸದಿಯಿಂದ ಬಂದವರು ಪಡಸಾಲೆಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಖುಷಿಯಿಂದ ಹೇಳಿದರು.

"ಬಸ್ತ್ಯಾಗ ಎಲ್ಲಾರ ಮುಂದ ಹೇಳಿದ್ನಿ. ನಮ್ಮ ಕಾನ್ವೆಂಟ್‌ಬಾಯಿ ಒರಲಿ ಕೊಲ್ಲದನ ಹೊರಗ ಊಟಾ ಹಾಕೂ ದಾರಿ ಹುಡಕ್ಯಾಳಂತ. ಬಸ್ತಿ ಹಳೀ ಬಾಗಲಕ್ಕೂ ಒರಲಿ ಹತ್ತೈತಿ. ನಾಡದು ಮಾತಾಜಿ ಬರ್ತಾರಲಾ, ಅವರ ಮುಂದ ಹೇಳಿ ಅಲ್ಲೂ ಹಾಕಸೂಣು ಅಂದಾರ. ನೀ ಬಂದು ಆ ಕಾಗದ ಓದಿ ಹೇಳಬೇಕು."

ಮಾತಾಜಿ ಎಂದರೆ ಆರ್ಯಿಕೆ, ಎಲ್ಲ ಬಿಟ್ಟು ಬರಿಗಾಲಲ್ಲಿ ನಡೆಯುವ ಸಂನ್ಯಾಸಿನಿ. ಅವರ ಮುಂದೆ ಕೂತು, ಬಸದಿಯ ತುಂಬ ಹೆಂಗಸರ ಮಧ್ಯೆ, ಮೊದಲೆರಡು ಸಾಲು ಬಿಟ್ಟು ಮೂರನೆಯ ಸಾಲಿನಿಂದ ಓದುವುದನ್ನು ನಾನು ಊಹಿಸಿಕೊಂಡೆ. ಅಕ್ಕ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿರುತ್ತಾರೆ.

ಸೊಸೆಗೆ ಹೇಳಿದೆ. ಅವಳು ಪೇಪರ್ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟಳು.

"ಆತ್ಯಾಗ ಮಾತ್ರ ಖರೇ ಹೇಳಬ್ಯಾಡ್ರಿ ಕಾಕೂ. ಪ್ರಾಯಶ್ಚಿತ್ತಂತ ಉಪವಾಸ ಕುಂದ್ರತಾರ. ಈ ವಯಸ್ಸಿನ್ಯಾಗ ಏನರೆ ಆದ್ರ?"

"ಮತ್ತ ಮಾತಾಜಿ ಮುಂದ ಹೋಗಿ ಅದನ್ನ ಓದ್ಲೇನು?"

"ಆರಾಮಿಲ್ಲಂತ ಮಲ್ಕೊಂಡ ಬಿಡ್ರಿ ಅವತ್ತು."

ಮಲಗಬಹುದಿತ್ತು. ಈ ವಯಸ್ಸಿಗೆ ಆರಾಮಿಲ್ಲ ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಆದರೆ ನಾನಿಲ್ಲದಿದ್ದರೂ ಅಕ್ಕ ಹೇಳುತ್ತಾರೆ. ನನ್ನ ಮಾತನ್ನೇ ಹೇಳುತ್ತಾರೆ, ನನ್ನ ಓದಿನ ಮೇಲೆ ಭರವಸೆ ಇಟ್ಟು ಹೇಳುತ್ತಾರೆ.

ಮರುದಿನ ಮಧ್ಯಾಹ್ನ ಅಕ್ಕ ಹಿಂದಿನ ಬಾಗಿಲ ಬಳಿ ಬೆಳಕಿಗೆ ಮೊರ ಹಿಡಿದು ಗೋಧಿ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಹುಳು ಹಾಕುವ ಬಟ್ಟಲು. ನಾನು ಎದುರಿಗೆ ಕೂತೆ. ನಾನೂ ಒಂದು ಹಿಡಿ ಗೋಧಿ ಎಳೆದುಕೊಂಡೆ, ಕೈಗೆ ಏನಾದರೂ ಬೇಕಿತ್ತು.

"ಅಕ್ಕಾ, ಅವತ್ತ ನಾ ಆ ಕಾಗದ ಪೂರಾ ಓದಿರಲಿಲ್ಲರಿ."

"ಈಗ ಓದು."

"ಅದು ಒರಲಿ ಸಾಯಿಸೂ ಔಷಧ ಐತ್ರಿ. ಊಟ ಖರೇ. ಆದ್ರ ಅದನ್ನ ತಿಂದ್ರ ಸಾಯ್ತಾವು."

ಅವರ ಬೆರಳು ನಿಲ್ಲಲಿಲ್ಲ. ಒಂದು ಕಲ್ಲು ತೆಗೆದು ಆಚೆ ಹಾಕಿದರು. ಇನ್ನೊಂದು ತೆಗೆದರು.

"ಹೆಂಗ ಸಾಯ್ತಾವು?"

ನಾನು ಹೇಳಿದೆ. ಹಾವು ಪೊರೆ ಬಿಡುವ ಹಾಗೆ ಅವೂ ತೊಗಲು ಬಿಡುತ್ತವೆ, ಇದನ್ನು ತಿಂದರೆ ಬಿಡಲು ಆಗುವುದಿಲ್ಲ, ಹಳೆಯ ತೊಗಲಿನಲ್ಲೇ ಸಿಕ್ಕಿಕೊಳ್ಳುತ್ತವೆ ಎಂದೆ. ಅವರು ಮೊರವನ್ನು ತೊಡೆಯ ಮೇಲೆ ಇಳಿಸಿದರು. ತಮ್ಮ ಮುಂಗೈ ನೋಡಿಕೊಂಡರು. ಅಲ್ಲಿ ತೊಗಲು ಸಡಿಲವಾಗಿ ಮಡಿಕೆ ಬಿದ್ದಿದೆ, ನನ್ನದರ ಹಾಗೇ.

"ನಾ ಹಾಕಿದ ಸಕ್ಕರಿ ತಿಂದು ಎಷ್ಟ ಸತ್ತಿರಬೇಕು?"

"ಸಕ್ಕರಿ ಅವು ತಿಂದಿಲ್ರಿ. ಇರುವಿ ಬಂದು ತಿಂದಾವು. ಇರುವಿಗೆ ಅಂಜಿ ಒರಲಿ ಡಬ್ಬಿ ಬಿಟ್ಟು ಓಡಿ ಹೋದುವಂತ. ಅದಕ್ಕ ಕೆಲಸಾ ಕೆಟ್ಟಿತಂತ ಆ ಮನಶ್ಯಾ ತಲಿ ಹಿಡಕೊಂಡು ಕುಂತಿದ್ದ. ಹಂಗ ನೋಡಿದ್ರ ನೀವು ಅವನ್ನ ಉಳಿಸೀರಿ."

ಅವರ ಬಾಯಿಯ ಅಂಚು ಸ್ವಲ್ಪ ಅಲುಗಿತು. ನಗುವೋ ಏನೋ ತಿಳಿಯಲಿಲ್ಲ.

"ಸಕ್ಕರಿ ಒಗ್ಗೂದಿಲ್ಲ ಅಂದಿದ್ದೂ ಸುಳ್ಳ?"

"ಹೌದ್ರಿ."

"ಅದರಾಗ ಬರದಿದ್ದಿಲ್ಲ?"

"ಇಲ್ರಿ."

ಮೊರದ ಅಂಚಿಗೆ ಬಂದಿದ್ದ ಕಾಳುಗಳನ್ನು ಬೆರಳಿನಿಂದ ಒಳಗೆ ಸರಿಸಿದರು. ಆಮೇಲೆ ಮೊರ ಎತ್ತಿಕೊಂಡರು. "ಮಂಟಪ ಉಳೀಲಿ ಅಂತ ಮಾಡಿದಿ, ಅದು ನನಗ ತಿಳೀತೈತಿ," ಎಂದರು. "ಮನಿ ಹುಡುಗೂರದ್ದು, ಡಬ್ಬಿ ಇಟ್ಕೊಳ್ಳಲಿ. ನಾ ಬ್ಯಾಡನ್ನೂದಿಲ್ಲ. ಆದ್ರ ನಾ ಓದಾಕ ಕೊಟ್ಟಿದ್ನಿ ನಿನಗ." ಬಟ್ಟಲಿಗೆ ನಾಲ್ಕು ಕಾಳು ಹಾಕಿ, ಕೋಲು ಹಿಡಿದು, ಬೇವಿನ ಮರದ ಕಡೆ ಹೋದರು.

ಅವತ್ತು ಸಂಜೆ ಉಣ್ಣಲಿಲ್ಲ. ಮರುದಿನ ಪೂರ್ತಿ ಉಪವಾಸ. ಅದಕ್ಕಿಂತ ಹೆಚ್ಚು ಮಾಡಲಿಲ್ಲ, ಸೊಸೆ ನಿಟ್ಟುಸಿರು ಬಿಟ್ಟಳು. ಮಾತಾಜಿ ಬಂದ ದಿನ ಒಬ್ಬರೇ ಬಸದಿಗೆ ಹೋಗಿ ಬಂದರು. ಕೇಳಬಾರದೆಂದುಕೊಂಡರೂ ಕೇಳಿದೆ. "ನಿನ್ನ ಸುದ್ದಿ ತಗೀಲಿಲ್ಲ. ಆ ಡಬ್ಬಿ ಬಸ್ತಿಗೆ ಬ್ಯಾಡಂತ ಅಷ್ಟ ಅಂದ್ನಿ," ಎಂದರು. ಮತ್ತೆ, ಒಂದು ನೇಮ ತೊಟ್ಟಿದ್ದೇನೆ, ಇನ್ನು ಮುಂದೆ ಸಕ್ಕರೆ ಮುಟ್ಟುವುದಿಲ್ಲ ಎಂದರು. ಅಂದಿನಿಂದ ನಾಲ್ಕರ ಚಹಾ ನಮ್ಮ ಮನೆಯಲ್ಲಿ ಎರಡು ಬೋಗುಣಿಯಲ್ಲಿ ಆಗುತ್ತದೆ. ಇರುವೆಗಳಿಗೆ ಮಾತ್ರ ಸಕ್ಕರೆ ಮುಂದುವರಿಯಿತು, ಮೊದಲಿನ ಹಾಗೆ ಬೇವಿನ ಮರದ ಬುಡದಲ್ಲಿ.

ಅದೇ ವಾರ ದೇವರನ್ನು ಮಂಟಪದಿಂದ ಎತ್ತಿ ಗೋಡೆಯ ಶಹಾಬಾದ ಕಲ್ಲಿನ ಹಲಗೆಯ ಮೇಲೆ ಇಟ್ಟರು. ಯಾಕೆ ಎಂದು ಸೊಸೆ ಕೇಳಿದ್ದಕ್ಕೆ, ಜೀವ ತೆಗೆದು ಉಳಿಸೂ ಕಟಗಿ ದೇವರಿಗೆ ಬ್ಯಾಡ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಸಾಕು ಎನ್ನುವ ಹಾಗೆ ಹೇಳಿದರು.

ನನಗೆ ಅದಕ್ಕಿಂತ ತಾಗಿದ್ದು ಬೇರೆ. ಮಿರಜಿನಿಂದ ಗುಳಿಗೆ ಬಂದವು. ಅಕ್ಕ ನನ್ನ ಕೋಣೆಯ ಮುಂದೆ ಹಾದು ಹೋದರು. ಸೊಸೆ ಶಾಲೆಯಿಂದ ಬರುವವರೆಗೆ ಕಾದು ಅವಳ ಕೈಗೆ ಕೊಟ್ಟರು. ಅವಳು ನಿಂತಲ್ಲೇ ಓದಿ, ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಹೇಳಿ ಒಳಗೆ ಹೋದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಓದಲು ಏನೂ ಇರಲಿಲ್ಲ. ಅಪ್ಪ ಅಷ್ಟು ದೂರ ಕಳಿಸಿ ಕಲಿಸಿದ ಇಂಗ್ಲಿಷಿಗೆ ಈ ಮನೆಯಲ್ಲಿ ಇದ್ದ ಒಂದೇ ಕೆಲಸ ಹೋಗಿತ್ತು.

ಇರುವೆ ಹೋದ ಮೇಲೆ ಪೆಸ್ಟ್ ಕಂಟ್ರೋಲಿನವನು ಡಬ್ಬಿಗಳನ್ನು ತೊಳೆದು, ಜಾಗ ಸ್ವಲ್ಪ ಸರಿಸಿ, ಕಟ್ಟಿಗೆ ಇಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದ. ಗೋಡೆಯ ಮಣ್ಣಿನ ಗೆರೆಗೂ ಒಂದು ಚಪ್ಪಟೆ ಡಬ್ಬಿ ಅಂಟಿಸಿದ. ಬೇಸಿಗೆ ಕಳೆಯಿತು, ಮಳೆ ಬಂತು, ಮಳೆಯೂ ಕಳೆಯಿತು. ಪ್ರತಿ ತಿಂಗಳೂ ಬಂದು, ಮೊಣಕಾಲೂರಿ, ಮುಚ್ಚಳ ತೆಗೆದು ನೋಡಿ, ಆಗಾಕತ್ತೈತಿ ಎನ್ನುತ್ತಿದ್ದ. ಒಂದು ಸಲ ನನ್ನನ್ನು ಕರೆದು ತೋರಿಸಿದ. ಇದ್ದ ನಾಲ್ಕು ಹುಳುಗಳು ಮೊಸರಿನ ಹಾಗೆ ಬೆಳ್ಳಗಿದ್ದವು, ಬೆಳಕು ಬಿದ್ದರೂ ಓಡುತ್ತಿರಲಿಲ್ಲ. ಬಹಳ ದಣಿದವರ ಹಾಗೆ ಇದ್ದವು. ನಾನು ಬೇಗ ಒಳಗೆ ಬಂದೆ.

ಈ ವರ್ಷ ದೀಪಾವಳಿಯ ಹೊತ್ತಿಗೆ ಗೋಡೆಯ ಗೆರೆ ಒಣಗಿ ಉದುರಿತು. ಮುಗೀತ್ರಿ ಆಯಿ ಎಂದ. ಅಥಣಿಯ ಬಡಿಗನನ್ನು ಕರೆಸಿ ಹಿಂದಿನ ಹಲಗೆ ಬದಲಾಯಿಸಿದೆವು. ಕಂಬಗಳಿಗೆ, ಬಳ್ಳಿಗಳಿಗೆ ಏನೂ ಆಗಿರಲಿಲ್ಲ. ಮಂಟಪ ಉಳಿಯಿತು. ಅಕ್ಕ ಒಂದು ಸಲ ಬಂದು ಕಂಬದ ಮೇಲೆ ಕೈ ಆಡಿಸಿ ಹೋದರು. ದೇವರು ಕಲ್ಲಿನ ಮೇಲೆಯೇ ಇದ್ದಾರೆ. ಮಂಟಪ ಈಗ ನನ್ನ ಕೋಣೆಯಲ್ಲಿದೆ, ಅದರೊಳಗೆ ಏನೂ ಇಟ್ಟಿಲ್ಲ. ಏನಿಡಬೇಕೋ ನನಗೆ ಗೊತ್ತಾಗುವುದಿಲ್ಲ.

ಹೋದ ವಾರ ಸೊಸೆಗೆ ಪರೀಕ್ಷೆಯ ಕೆಲಸ ಎಂದು ಚಿಕ್ಕೋಡಿಗೆ ಹೋಗಬೇಕಾಯಿತು, ಬರುವುದು ತಡವಾಗುತ್ತಿತ್ತು. ಅಕ್ಕನಿಗೆ ಹೊಸ ಗುಳಿಗೆ ಬರೆದಿದ್ದರು. ಸಂಜೆಯ ಊಟವಾಗಿತ್ತು, ಹೊತ್ತು ಕಬ್ಬಿನ ಮೇಲೆ ಇಳಿದಿತ್ತು. ನಾನು ಬಾವಿಕಟ್ಟೆಯ ಮೇಲೆ ಕೂತಿದ್ದೆ. ಅಕ್ಕ ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗುಳಿಗೆಯ ಪಾಕೀಟನ್ನು ನನ್ನ ಮಡಿಲಿಗೆ ಹಾಕಿದರು.

"ಓದು."

ಕನ್ನಡಕ ಕೊರಳಲ್ಲೇ ಇತ್ತು. ಹಾಕಿಕೊಂಡೆ.

"ಇದ್ದದ್ದು ಇದ್ದಂಗ ಓದು. ಒಂದೂ ಬಿಡಬ್ಯಾಡ."

ನಾನು ಗುಳಿಗೆಯ ಹೆಸರು ಓದಿದೆ. ತಂಪಾದ ಜಾಗದಲ್ಲಿ ಇಡಬೇಕು ಎಂದು ಓದಿದೆ. ಮಕ್ಕಳ ಕೈಗೆ ಸಿಗಬಾರದು ಎಂದು ಓದಿದೆ. ಒಳಗಿದ್ದ ತೆಳ್ಳನೆಯ ಕಾಗದ ಬಿಡಿಸಿದೆ. ಇದರಿಂದ ತಲೆ ತಿರುಗಬಹುದು, ವಾಕರಿಕೆ ಬರಬಹುದು, ಕೈಕಾಲು ಊದಬಹುದು, ನಿದ್ದೆ ಹೋಗಬಹುದು, ಕೆಲವರಿಗೆ ಎದೆಬಡಿತ ಏರಬಹುದು.

"ಇಷ್ಟೆಲ್ಲಾ ಆಗ್ತೈತೇನು?"

"ಆಗಬಹುದು ಅಂತ ಬರದಾರ್ರಿ. ಎಲ್ಲಾರಿಗೂ ಆಗೂದಿಲ್ಲಂತ."

"ಎಲ್ಲಾ ಗುಳಿಗ್ಯಾಗೂ ಹಿಂಗ ಬರದಿರ್ತಾರ?"

"ಬರದಿರ್ತಾರ್ರಿ."

"ಮತ್ತ ಇಷ್ಟು ವರ್ಷ ಏನ್ ಓದತಿದ್ದಿ ನೀನು?"

ನಾನು ಕಾಗದದಿಂದ ಕಣ್ಣೆತ್ತಲಿಲ್ಲ. "ಊಟಾದ ಮ್ಯಾಲೆ ಒಂದು ಅಂತ ಅಷ್ಟ ಓದತಿದ್ನಿರಿ."

ಅಕ್ಕ ನನ್ನನ್ನು ನೋಡಿದರು. ಅವರ ಭುಜ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು. ಸದ್ದಿಲ್ಲದೆ ನಗುತ್ತಿದ್ದರು. ನಗು ನಿಂತ ಮೇಲೆ ಹೊತ್ತಿನ ಕಡೆ ನೋಡಿ, ಸೋಸಿದ ನೀರಿನ ಲೋಟ ಕೈಗೆ ತೆಗೆದುಕೊಂಡು, ಗುಳಿಗೆಗೆ ಅಂಗೈ ಒಡ್ಡಿದರು. ಮುಳುಗಲು ಇನ್ನು ಸ್ವಲ್ಪವೇ ಇತ್ತು. ನಾನು ಒಂದು ಬಿಡಿಸಿ ಕೊಟ್ಟೆ. ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಮುಂದ ಓದು," ಎಂದರು.

ಮುಂದೆ ಇನ್ನೂ ಒಂದು ಪುಟವಿತ್ತು, ಬಹಳ ಸಣ್ಣ ಅಕ್ಷರ. ನಾನು ಕಾಗದವನ್ನು ಬೆಳಕಿಗೆ ತಿರುಗಿಸಿಕೊಂಡೆ.